ಹಾಯಿದೋಣಿಯಲ್ಲಿ ದೂರದ ದ್ವೀಪಗಳಿಗೆ: ಗಾಳಿ, ನೀರು ಮತ್ತು ಹವಳದ ಲೆಕ್ಕಾಚಾರ

ಅಂಜನಾಪುರದ ಓದುಗರೊಬ್ಬರು ನಮಗೆ ಒಂದು ಪ್ರಶ್ನೆ ಕಳಿಸಿದ್ದರು. ಗಂಡ ಹೆಂಡತಿ ಇಬ್ಬರೇ ಸಣ್ಣ ಹಾಯಿದೋಣಿಯಲ್ಲಿ ಟಹೀಟಿಯ ಸುತ್ತಮುತ್ತಲಿನ ದ್ವೀಪಗಳನ್ನು ತಿರುಗುವ ವಿಡಿಯೊಗಳನ್ನು ಅವರು ರಾತ್ರಿ ಊಟ ಮುಗಿಸಿ ನೋಡುತ್ತಾ ಕೂರುತ್ತಾರಂತೆ. “ಗಾಳಿ ಎತ್ತ ಬೀಸಿದರೆ ದೋಣಿ ಅತ್ತ ತಾನೇ ಹೋಗುವುದು? ನಡುಸಮುದ್ರದಲ್ಲಿ ಕುಡಿಯುವ ನೀರು ಮುಗಿದರೆ ಏನು ಮಾಡುತ್ತಾರೆ? ಇದೆಲ್ಲ ಎದೆಗಾರಿಕೆ ಇದ್ದವರಿಗೆ ಮಾತ್ರವೇ, ನಮ್ಮಂಥವರೂ ಕಲಿಯಬಹುದೇ?” ಇದು ಅವರು ಕೇಳಿದ್ದು.

ಎದೆಗಾರಿಕೆ ಬೇಕು, ಇಲ್ಲ ಎನ್ನುವುದಿಲ್ಲ. ಆದರೆ ಓದುತ್ತಾ ಹೋದಂತೆ ನಮಗೆ ಅರ್ಥವಾದದ್ದು ಬೇರೆ: ಇಂಥ ಪ್ರಯಾಣದ ಮುಕ್ಕಾಲು ಪಾಲು ಲೆಕ್ಕ. ಎಷ್ಟು ಲೀಟರ್ ನೀರು, ಯಾವ ತಿಂಗಳು, ಯಾವ ಹೊತ್ತಿಗೆ ಹವಳದ ಬಾಗಿಲು ದಾಟಬೇಕು ಎಂಬ ಲೆಕ್ಕ. ಇನ್ನೊಂದು ಸಂಗತಿಯೂ ಗೊತ್ತಾಯಿತು. ಹವಳದ್ವೀಪಗಳಿಗೆ ಹಾಯಿ ಕಟ್ಟಿ ಹೋಗುವ ವಿದ್ಯೆಯನ್ನು ನೋಡಲು ಪೆಸಿಫಿಕ್ ತನಕ ಹೋಗಬೇಕಿಲ್ಲ. ಮಂಗಳೂರಿನ ಹಳೆ ಬಂದರಿಗೆ ಆ ವಿದ್ಯೆ ಶತಮಾನಗಳಿಂದ ಪರಿಚಿತ.

ಪಾಲಿನೇಷ್ಯ ಎಲ್ಲಿದೆ, ಅಮಿನಿ ಎಲ್ಲಿದೆ?

ಹವಾಯಿ, ನ್ಯೂಜಿಲೆಂಡ್ ಮತ್ತು ರಾಪಾನುಯಿ, ಅಂದರೆ ಈಸ್ಟರ್ ದ್ವೀಪ. ಈ ಮೂರನ್ನು ಗೆರೆ ಎಳೆದು ಸೇರಿಸಿದರೆ ಸಿಗುವ ದೊಡ್ಡ ತ್ರಿಕೋನವೇ ಪಾಲಿನೇಷ್ಯ. ಅದರೊಳಗಿನ ಫ್ರೆಂಚ್ ಪಾಲಿನೇಷ್ಯದಲ್ಲಿ ಸುಮಾರು 120 ದ್ವೀಪಗಳಿವೆ. ಅಷ್ಟೂ ದ್ವೀಪಗಳ ನೆಲ ಸೇರಿಸಿದರೆ ಹೆಚ್ಚುಕಡಿಮೆ ನಮ್ಮ ಕೊಡಗು ಜಿಲ್ಲೆಯಷ್ಟು. ಆದರೆ ಅವು ಹರಡಿರುವ ಸಮುದ್ರ ಇಡೀ ಭಾರತಕ್ಕಿಂತ ದೊಡ್ಡದು.

ಇಲ್ಲಿನ ದ್ವೀಪಗಳಲ್ಲಿ ಎರಡು ಬಗೆ. ಟಹೀಟಿ, ಮಾರ್ಕೇಸಸ್‌ನಂಥವು ಜ್ವಾಲಾಮುಖಿಯಿಂದ ಎದ್ದ ಬೆಟ್ಟದ ದ್ವೀಪಗಳು. ಟುಅಮೋಟು ಗುಂಪಿನವು ಹವಳದ್ವೀಪಗಳು: ಉಂಗುರದ ಹಾಗೆ ಹವಳದ ದಿಬ್ಬ, ನಡುವೆ ಶಾಂತವಾದ ಲಗೂನ್, ದಿಬ್ಬದ ಮೇಲೆ ಒಂದಷ್ಟು ಮರಳು ಮತ್ತು ತೆಂಗು. ನಮ್ಮ ಲಕ್ಷದ್ವೀಪ ಈ ಎರಡನೆಯ ಬಗೆಗೆ ಸೇರಿದ್ದು.

ಲಕ್ಷದ್ವೀಪದ ಉತ್ತರದ ಗುಂಪಾದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾಗಳನ್ನು ಅಮಿನ್‌ದಿವಿ ದ್ವೀಪಗಳು ಎನ್ನುತ್ತಾರೆ. ಇವು 1956ರ ನವೆಂಬರ್ 1ರವರೆಗೆ ಆಡಳಿತದ ಲೆಕ್ಕದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು ಎಂಬುದು ಕರಾವಳಿಯವರಿಗೇ ಎಷ್ಟೋ ಜನರಿಗೆ ತಿಳಿದಿಲ್ಲ. ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಆಳ್ವಿಕೆಗೆ ಬಂದ ಈ ದ್ವೀಪಗಳು 1799ರ ನಂತರ ಕಂಪನಿ ಸರ್ಕಾರದ ಕೈಸೇರಿದವು. ಆಡಳಿತ ನಡೆದದ್ದು ಮಂಗಳೂರಿನಿಂದ. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ‘ಓಡಂ’ ಎಂಬ ಹಾಯಿದೋಣಿಗಳಲ್ಲಿ ಹೇರಿಕೊಂಡು ಮಂಗಳೂರಿಗೆ ಬರುತ್ತಿದ್ದರು. ಅದನ್ನು ಸರ್ಕಾರಕ್ಕೆ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ನೇರ ಅಳೆದರೆ ಸುಮಾರು 300 ಕಿಲೋಮೀಟರ್ ದೂರ. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ಸಿಮೆಂಟು, ಜಲ್ಲಿ ತುಂಬಿದ ಮಂಜಿಗಳು ಲಕ್ಷದ್ವೀಪಕ್ಕೆ ಹೋಗುತ್ತವೆ. ಈಗ ಹಾಯಿಯ ಬದಲು ಎಂಜಿನ್ ಇದೆ, ಅಷ್ಟೆ.

ಹಾಗಾಗಿ ಮುಂದೆ ನಾವು ಪಾಲಿನೇಷ್ಯದ ಬಗ್ಗೆ ಹೇಳುವಾಗ ಆಗಾಗ ಅಮಿನಿಗೂ ಹೋಗಿ ಬರುತ್ತೇವೆ.

ಗಾಳಿ ಎತ್ತಲೋ ದೋಣಿ ಅತ್ತಲೇ?

ಇದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ತಿಳಿವಳಿಕೆ. ಗಾಳಿ ಹಾಯಿಯನ್ನು ಹಿಂದಿನಿಂದ ನೂಕುತ್ತದೆ ಎನ್ನುವುದು ಅರ್ಧ ಸತ್ಯ ಮಾತ್ರ. ಗಾಳಿ ಪಕ್ಕದಿಂದ ಬೀಸುವಾಗ ಬಾಗಿದ ಹಾಯಿ ವಿಮಾನದ ರೆಕ್ಕೆಯ ಹಾಗೆ ಕೆಲಸ ಮಾಡುತ್ತದೆ. ಅದು ಗಾಳಿಯ ದಿಕ್ಕನ್ನು ತಿರುಗಿಸುತ್ತದೆ, ಪ್ರತಿಯಾಗಿ ಗಾಳಿ ಹಾಯಿಯನ್ನು ಎಳೆಯುತ್ತದೆ. ಈ ಎಳೆತ ಸ್ವಲ್ಪ ಮುಂದಕ್ಕೂ ಬಹಳಷ್ಟು ಪಕ್ಕಕ್ಕೂ ಇರುತ್ತದೆ. ಪಕ್ಕಕ್ಕೆ ಜಾರದಂತೆ ತಡೆಯುವುದು ದೋಣಿಯ ತಳದಲ್ಲಿ ನೀರಿನೊಳಗೆ ಇಳಿದಿರುವ ‘ಕೀಲ್’ ಎಂಬ ಭಾರವಾದ ಹಲಗೆ. ಈಗಷ್ಟೇ ಬಿಡಿಸಿದ ಹಲಸಿನ ಬೀಜವನ್ನು ಎರಡು ಬೆರಳಿನ ನಡುವೆ ಒತ್ತಿ ನೋಡಿ. ಬೆರಳುಗಳು ಎರಡು ಪಕ್ಕದಿಂದ ಒತ್ತುತ್ತವೆ, ಬೀಜ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಗಾಳಿ ಒಂದು ಬೆರಳು, ನೀರು ಇನ್ನೊಂದು ಬೆರಳು.

ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಆದರೆ ಗಾಳಿಯ ದಿಕ್ಕಿಗೆ ಸುಮಾರು 45 ಡಿಗ್ರಿ ಕೋನದಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತಾ, ಘಾಟಿ ರಸ್ತೆಯ ತಿರುವುಗಳಂತೆ, ಗಾಳಿ ಬರುವ ದಿಕ್ಕಿಗೇ ತಲುಪಬಹುದು. ದಾರಿ ಉದ್ದವಾಗುತ್ತದೆ, ಮೈಕೈ ನೋವಾಗುತ್ತದೆ, ಅದು ಬೇರೆ ಮಾತು.

ಅದಕ್ಕೇ ದೂರ ಹೋಗುವವರು ಗಾಳಿಯ ಜೊತೆ ಜಗಳ ಆಡದ ತಿಂಗಳನ್ನೂ ದಾರಿಯನ್ನೂ ಆರಿಸಿಕೊಳ್ಳುತ್ತಾರೆ. ದಕ್ಷಿಣ ಪೆಸಿಫಿಕ್‌ನಲ್ಲಿ ವಾಣಿಜ್ಯ ಮಾರುತಗಳು ಪೂರ್ವ, ಆಗ್ನೇಯದಿಂದ ಬೀಸುತ್ತವೆ. ಆದ್ದರಿಂದ ಬಹುತೇಕರು ಅಮೆರಿಕ ಖಂಡದ ಕಡೆಯಿಂದ ಹೊರಟು ಪಶ್ಚಿಮಕ್ಕೆ ಸಾಗುತ್ತಾರೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಚಂಡಮಾರುತದ ಕಾಲ, ಮೇಯಿಂದ ಅಕ್ಟೋಬರ್‌ವರೆಗೆ ತಿರುಗಾಟದ ಕಾಲ. ನಮ್ಮಲ್ಲಿ ಇದು ತಲೆಕೆಳಗು. ಮುಂಗಾರಿನ ತಿಂಗಳುಗಳಲ್ಲಿ ಅಮಿನ್‌ದಿವಿಯವರು ಓಡಂಗಳನ್ನು ದಡಕ್ಕೆ ಎಳೆದು ಕಟ್ಟಿಬಿಡುತ್ತಿದ್ದರು. ಇಂದಿನ ಮಂಜಿಗಳೂ ಮಳೆಗಾಲದಲ್ಲಿ ಹೋಗುವುದಿಲ್ಲ.

ದೋಣಿಯ ತಯಾರಿ: ಮುರಿಯುವುದು ಯಾವುದು ಎಂದು ಮೊದಲೇ ಕೇಳಿಕೊಳ್ಳುವುದು

ವಿಡಿಯೊಗಳಲ್ಲಿ ಕಾಣುವುದು ಸೂರ್ಯಾಸ್ತ. ಕಾಣದಿರುವುದು ಅದಕ್ಕೆ ಮೊದಲು ಒಂದೆರಡು ವರ್ಷ ಮಾಡಿದ ರಿಪೇರಿ.

ಮರಳಿ ಕೊಳ್ಳಲು ಅಂಗಡಿ ಇಲ್ಲದ ಕಡೆ ಹೋಗುವಾಗ ನೋಡಬೇಕಾದ್ದು ಕೆಲವೇ ಜಾಗಗಳು, ಆದರೆ ಅವನ್ನು ಹುಷಾರಾಗಿ ನೋಡಬೇಕು. ಮೊದಲನೆಯದು ಹಾಯಿಕಂಬವನ್ನು ಹಿಡಿದಿಟ್ಟಿರುವ ಉಕ್ಕಿನ ತಂತಿಗಳು. ಒಂದು ತಂತಿ ಕಿತ್ತರೆ ಕಂಬವೇ ಬೀಳಬಹುದು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ಅಡುಗೆಮನೆಯಲ್ಲಿ ಸರಿ, ಉಪ್ಪುನೀರಿನಲ್ಲಿ ತಪ್ಪು. ಗಾಳಿಯಾಡದ ಸಂದುಗಳಲ್ಲಿ ಉಪ್ಪು ಸೇರಿ ಒಳಗೊಳಗೇ ಸೀಳುತ್ತದೆ, ಹೊರಗೆ ಫಳಫಳ ಹೊಳೆಯುತ್ತಿರುತ್ತದೆ. ಹಾಗಾಗಿ ತಂತಿ ಚೆನ್ನಾಗಿ ಕಂಡರೂ ಹತ್ತು ಹದಿನೈದು ವರ್ಷಕ್ಕೆ ಬದಲಿಸುವುದು ವಾಡಿಕೆ. ನೀರಿನೊಳಗಿನ ಬೇರೆ ಲೋಹಗಳನ್ನು ಉಳಿಸಲು ಸತುವಿನ ತುಂಡುಗಳನ್ನು ಕಟ್ಟುತ್ತಾರೆ. ಸವೆಯುವುದು ಸತು, ಉಳಿಯುವುದು ಪ್ರೊಪೆಲರ್. ಸತುವಿನ ಕೆಲಸವೇ ಸಾಯುವುದು.

ಎರಡನೆಯದು ಚುಕ್ಕಾಣಿ. ಭಾರತೀಯ ನೌಕಾಪಡೆಯ ‘ತಾರಿಣಿ’ಯ ಕಥೆ ಇಲ್ಲಿ ಹೇಳಬೇಕು. ಗೋವಾದಲ್ಲಿ ಕಟ್ಟಿದ, 56 ಅಡಿ ಉದ್ದದ ಈ ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರಿನಿಂದ 2018ರ ಮೇವರೆಗೆ ಆರು ಮಂದಿ ಮಹಿಳಾ ಅಧಿಕಾರಿಗಳು ಲೆಫ್ಟಿನೆಂಟ್ ಕಮಾಂಡರ್ ವರ್ತಿಕಾ ಜೋಶಿ ಅವರ ನಾಯಕತ್ವದಲ್ಲಿ ಭೂಮಿಯನ್ನು ಸುತ್ತಿ ಬಂದರು. ನ್ಯೂಜಿಲೆಂಡಿನ ಲಿಟಲ್ಟನ್‌ನಿಂದ ಹೊರಟು ಪೆಸಿಫಿಕ್ ದಾಟಿ, ದಕ್ಷಿಣ ಅಮೆರಿಕದ ತುದಿಯಾದ ಕೇಪ್ ಹಾರ್ನ್ ಬಳಸಿ ಬಂದ ದೋಣಿ ಅದು. ಆದರೆ ಮನೆ ಸಮೀಪಿಸುತ್ತಿರುವಾಗ, ಏಪ್ರಿಲ್‌ನಲ್ಲಿ, ಚುಕ್ಕಾಣಿಯ ಯಂತ್ರ ಕೆಟ್ಟು ಯೋಜನೆಯಲ್ಲಿ ಇಲ್ಲದ ಮಾರಿಷಸ್‌ಗೆ ಹೋಗಬೇಕಾಯಿತು. ನೌಕಾಪಡೆಯ ದೋಣಿಗೇ ಹೀಗಾಗುತ್ತದೆ ಎಂದರೆ, ಸಣ್ಣ ದೋಣಿಯವರು ತುರ್ತಿಗೊಂದು ಬದಲಿ ಚುಕ್ಕಾಣಿ ಕೋಲನ್ನು ಇಟ್ಟುಕೊಂಡು, ಅದನ್ನು ಬಂದರಿನಲ್ಲೇ ಒಮ್ಮೆ ಹಾಕಿ ನೋಡಿ ಹೊರಡುವುದೇಕೆ ಎಂದು ತಿಳಿಯುತ್ತದೆ.

ಮೂರನೆಯದು ಗ್ಯಾಸ್. ಅಡುಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ಬಾಗಿಲಿನಿಂದ ಹೊರಗೆ ಹೋಗಬಹುದು. ದೋಣಿಯಲ್ಲಿ ಹೊರಹೋಗಲು ದಾರಿ ಇಲ್ಲ, ತಳದಲ್ಲಿ ಕೆರೆಯಂತೆ ನಿಲ್ಲುತ್ತದೆ. ಒಂದು ಕಿಡಿ ಸಾಕು. ಅದಕ್ಕೇ ಸಿಲಿಂಡರನ್ನು ಹೊರಗೆ, ಅಡಿಯಿಂದ ಸಮುದ್ರಕ್ಕೆ ತೂತು ಇರುವ ಪೆಟ್ಟಿಗೆಯಲ್ಲಿ ಇಡುತ್ತಾರೆ.

ಒಂದು ಅಡ್ಡಮಾತು. ಹಳೆಯ ಓಡಂಗಳ ಹಲಗೆಗಳನ್ನು ಮೊಳೆ ಹೊಡೆದು ಜೋಡಿಸುತ್ತಿರಲಿಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಪಾಲಿನೇಷ್ಯದ ಜೋಡಿ ದೋಣಿಗಳನ್ನೂ ತೆಂಗಿನ ನಾರಿನಿಂದಲೇ ಬಿಗಿಯುತ್ತಿದ್ದರು. “ಪಾಪ, ಕಬ್ಬಿಣ ಇರಲಿಲ್ಲ” ಎಂದು ಮರುಗಬೇಕಿಲ್ಲ. ಹುರಿಗೆ ತುಕ್ಕಿಲ್ಲ, ಅಲೆ ತಿರುಚಿದಾಗ ಹೊಲಿದ ದೋಣಿ ಸ್ವಲ್ಪ ಬಾಗಿಕೊಡುತ್ತದೆ, ಕಡಿದುಹೋದರೆ ಬದಲಿ ಸಾಮಾನು ದ್ವೀಪದ ಮರದ ಮೇಲೇ ಇರುತ್ತದೆ.

ನೀರು: ಹದಿನೈದು ಕ್ಯಾನ್‌ಗಳ ಪ್ರಶ್ನೆ

ಗಲಾಪಗೋಸ್‌ನಿಂದ ಮಾರ್ಕೇಸಸ್‌ಗೆ ಸುಮಾರು 3000 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಸಾಧಾರಣ ಹಾಯಿದೋಣಿ ಗಂಟೆಗೆ ಐದು ಮೈಲಿ, ದಿನಕ್ಕೆ 120 ಮೈಲಿ ಹೋದರೆ 25 ದಿನ. ಕುಡಿಯಲು, ಅಡುಗೆಗೆ ತಲಾ ನಾಲ್ಕು ಲೀಟರ್ ಎಂದರೆ ಇಬ್ಬರಿಗೆ 200 ಲೀಟರ್. ಗಾಳಿ ನಿಂತುಹೋಗಬಹುದು, ಕಂಬ ಮುರಿಯಬಹುದು, ಆದ್ದರಿಂದ ಅರ್ಧದಷ್ಟು ಹೆಚ್ಚಿಗೆ. 300 ಲೀಟರ್ ಆಯಿತು. ಬೆಂಗಳೂರಿನ ಭಾಷೆಯಲ್ಲಿ ಹದಿನೈದು ಕ್ಯಾನ್. ಇಷ್ಟನ್ನೂ ಒಂದೇ ಟ್ಯಾಂಕಿನಲ್ಲಿ ತುಂಬುವುದಿಲ್ಲ. ಒಂದು ಸೋರಿದರೆ ಅಥವಾ ಕೆಟ್ಟರೆ ಇನ್ನೊಂದು ಇರಬೇಕು. ಸ್ನಾನ, ಪಾತ್ರೆ ತೊಳೆಯುವುದು ಎಲ್ಲ ಸಮುದ್ರದ ನೀರಿನಲ್ಲೇ.

“ಆರ್‌ಒ ಯಂತ್ರ ಇಟ್ಟುಕೊಂಡರಾಯಿತಲ್ಲ?” ಇಟ್ಟುಕೊಳ್ಳುತ್ತಾರೆ. ಆದರೆ ಅದು ನಮ್ಮ ಅಡುಗೆಮನೆಯ ಗೋಡೆಯ ಮೇಲಿರುವ ಯಂತ್ರ ಅಲ್ಲ. ಬೋರ್‌ವೆಲ್ ನೀರಿಗೆ ಗಾಳಿಯ ಒತ್ತಡದ ನಾಲ್ಕೈದು ಪಟ್ಟು ಸಾಕು. ಸಮುದ್ರದ ನೀರಿನ ಉಪ್ಪು ಒಡ್ಡುವ ಪ್ರತಿರೋಧವೇ 27 ಪಟ್ಟಿನಷ್ಟು ಇರುವುದರಿಂದ, ಕೆಲಸ ಮುಂದೆ ಸಾಗಲು 55ರಿಂದ 60 ಪಟ್ಟು ಒತ್ತಡ ಬೇಕು. ಬ್ಯಾಟರಿ ಬೇಕು, ಬಿಡಿಭಾಗ ಬೇಕು. ಯಂತ್ರ ಕೆಟ್ಟರೂ ಮುಂದಿನ ದ್ವೀಪ ಮುಟ್ಟುವಷ್ಟು ನೀರು ಟ್ಯಾಂಕಿನಲ್ಲಿ ಇರಲೇಬೇಕು ಎಂಬುದು ಅನುಭವಿಗಳ ನಿಯಮ.

ಇನ್ನು ಸಮುದ್ರದ ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿದು ಬದುಕಬಹುದು ಎಂಬ ಮಾತು. ಇದನ್ನು ಖಚಿತವಾಗಿ ಅಲ್ಲಗಳೆಯಬೇಕು, ಏಕೆಂದರೆ ಇದನ್ನು ನಂಬಿದರೆ ಜೀವ ಹೋಗುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ನಮ್ಮ ಮೂತ್ರಪಿಂಡಗಳು ಅಷ್ಟು ಗಟ್ಟಿಯಾದ ಉಪ್ಪುನೀರನ್ನು ತಯಾರಿಸಲಾರವು. ಒಂದು ಲೀಟರ್‌ನಲ್ಲಿ ಬಂದ ಉಪ್ಪನ್ನು ಹೊರಹಾಕಲು ಒಂದೂವರೆ ಲೀಟರ್‌ಗೂ ಹೆಚ್ಚು ಮೂತ್ರ ಬೇಕು. ಆ ಉಳಿದ ಅರ್ಧ ಲೀಟರ್ ಬರುವುದು ನಿಮ್ಮ ಮೈಯಿಂದಲೇ. ಅಂದರೆ ಕುಡಿದಷ್ಟೂ ಬಾಯಾರಿಕೆ ಹೆಚ್ಚುತ್ತದೆ, ಕೊನೆಗೆ ಮತಿಭ್ರಮಣೆಯಾಗುತ್ತದೆ. ಅನ್ನ ಬೇಯಿಸುವಾಗ ನೀರಿನ ಒಂದು ಪಾಲನ್ನು ಉಪ್ಪಿನ ಬದಲಿಗೆ ಎಂದು ಸಮುದ್ರದಿಂದ ತೆಗೆದುಕೊಳ್ಳುವುದುಂಟು. ಅದು ಬೇರೆ.

ನಿಜವಾಗಿ ಕೈಹಿಡಿಯುವುದು ಮಳೆ. ಇದರ ಲೆಕ್ಕ ಬೆಂಗಳೂರಿನವರಿಗೆ ಗೊತ್ತು: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 30×40 ಸೈಟಿನ ತಾರಸಿ ಪೂರ್ತಿ ತೆರೆದಿದ್ದರೆ ಹತ್ತು ಮಿಲಿಮೀಟರ್ ಮಳೆಗೆ ಸುಮಾರು 1100 ಲೀಟರ್ ಬೀಳುತ್ತದೆ. ದೋಣಿಯ ಮೇಲೆ ಆರು ಚದರ ಮೀಟರ್ ಬಟ್ಟೆ ಕಟ್ಟಿದರೆ ಅದೇ ಮಳೆಗೆ 60 ಲೀಟರ್. ಮೊದಲ ಕೆಲವು ನಿಮಿಷದ ನೀರನ್ನು ಬಿಟ್ಟುಬಿಡುವುದು ಎರಡೂ ಕಡೆ ಒಂದೇ ನಿಯಮ. ಅಲ್ಲಿ ಧೂಳಿನ ಬದಲು ಉಪ್ಪು.

ದ್ವೀಪ ತಲುಪಿದ ಮೇಲೆ ಬಾವಿ ಇರುತ್ತದಲ್ಲ ಎನ್ನಬಹುದು. ಹವಳದ್ವೀಪದ ಬಾವಿ ಒಂದು ವಿಚಿತ್ರ. ನೆಲದಡಿ ಮಳೆನೀರು ಉಪ್ಪುನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತಿರುತ್ತದೆ, ಏಕೆಂದರೆ ಸಿಹಿನೀರು ತುಸು ಹಗುರ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರಿದ್ದರೆ, ತತ್ವದ ಪ್ರಕಾರ, ಅದರ ಕೆಳಗೆ 40 ಮೀಟರ್‌ವರೆಗೂ ಇರುತ್ತದೆ. ಹಾಗೆಯೇ ಪಂಪಿನಿಂದ ಒಂದು ಮೀಟರ್ ಇಳಿಸಿದರೆ ಕೆಳಗಿನಿಂದ ಉಪ್ಪು 40 ಮೀಟರ್ ಏರಿ ಬರುತ್ತದೆ. ಪುಟ್ಟ ದ್ವೀಪದ ಮಸೂರ ತೀರಾ ತೆಳು. ಕೊಡದಲ್ಲಿ ಸೇದಿದರೆ ತಡೆದುಕೊಳ್ಳುವ ಬಾವಿ ಮೋಟಾರು ಹಾಕಿದರೆ ಉಪ್ಪಾಗುತ್ತದೆ. ಲಕ್ಷದ್ವೀಪದ ಕವರತ್ತಿಯಲ್ಲಿ 2005ರಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಘಟಕವನ್ನು ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟಿದ್ದು ಈ ಕಷ್ಟಕ್ಕೇ. ಹಾಗಾಗಿ ಸಣ್ಣ ಹವಳದ್ವೀಪದಲ್ಲಿ ಇಳಿದು 200 ಲೀಟರ್ ತುಂಬಿಸಿಕೊಳ್ಳುತ್ತೇನೆ ಎನ್ನುವುದು ಆ ಊರಿನವರ ವಾರದ ನೀರನ್ನು ಕೇಳಿದಂತೆ. ಬೆಟ್ಟದ ದ್ವೀಪಗಳಲ್ಲಿ ಹೊಳೆಗಳಿವೆ, ಅಲ್ಲಿ ತುಂಬಿಸಿಕೊಳ್ಳಬೇಕು.

ಊಟ

ಇದರ ಬಗ್ಗೆ ಬಹಳ ಬರೆಯಬೇಕಿಲ್ಲ. ಅಕ್ಕಿ, ಬೇಳೆ, ಅವಲಕ್ಕಿ, ಹುರಿಹಿಟ್ಟು ತಿಂಗಳುಗಟ್ಟಲೆ ಕೆಡುವುದಿಲ್ಲ. ಕುಕ್ಕರ್ ಹಾಯಿದೋಣಿಯವರಿಗೆ ಬಹಳ ಪ್ರಿಯ. ಗ್ಯಾಸ್ ಉಳಿತಾಯ ಒಂದು ಕಾರಣ, ದೋಣಿ ವಾಲಿದಾಗ ಮುಚ್ಚಳ ಕಳಚಿ ಕುದಿಯುವ ಸಾರು ಮೈಮೇಲೆ ಬೀಳುವುದಿಲ್ಲ ಎಂಬುದು ದೊಡ್ಡ ಕಾರಣ. ಹಿಂದೆ ನಾವಿಕರನ್ನು ಕೊಂದ ಸ್ಕರ್ವಿ ರೋಗ ಸಿ ಜೀವಸತ್ವದ ಕೊರತೆಯಿಂದ ಬರುವಂಥದ್ದು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯ ಕಿತ್ತಳೆ, ನಿಂಬೆ ಕೊಟ್ಟು ನೋಡಿ ಇದನ್ನು ತೋರಿಸಿದ. ಒಣ ಹೆಸರುಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ಈ ಜೀವಸತ್ವ ಮೊಳಕೆ ಬಂದಾಗ ಹೆಚ್ಚುತ್ತದೆ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ನಡುಸಮುದ್ರದಲ್ಲೂ ತಾಜಾ ಕೋಸಂಬರಿ.

ಮೀನು ಹಿಡಿದು ತಿಂದರೆ ಆಗದೇ?

ಆಳ ಸಮುದ್ರದಲ್ಲಿ ಸಿಗುವ ಟ್ಯೂನಾದಂಥ ಮೀನಿನ ಬಗ್ಗೆ ಇಲ್ಲಿ ಹೇಳುವ ಭಯ ಇಲ್ಲ. ಭಯ ಇರುವುದು ಹವಳದ ದಿಬ್ಬದ ದೊಡ್ಡ ಮೀನುಗಳ ಬಗ್ಗೆ.

ಹವಳದ ಮೇಲೆ ಬೆಳೆಯುವ ಪಾಚಿಗೆ ಅಂಟಿಕೊಂಡು ಬದುಕುವ ಒಂದು ಸೂಕ್ಷ್ಮಜೀವಿ ಇದೆ, ಗ್ಯಾಂಬಿಯರ್‌ಡಿಸ್ಕಸ್ ಎಂದು. ಪಾಲಿನೇಷ್ಯದ ಗ್ಯಾಂಬಿಯರ್ ದ್ವೀಪಗಳಿಂದಲೇ ಆ ಹೆಸರು. ಅದು ತಯಾರಿಸುವ ವಿಷ ಪಾಚಿ ತಿನ್ನುವ ಸಣ್ಣ ಮೀನಿಗೆ, ಅದರಿಂದ ಅದನ್ನು ತಿನ್ನುವ ದೊಡ್ಡ ಮೀನಿಗೆ ಸೇರುತ್ತಾ ಮೇಲೆ ಹೋದಂತೆ ಹೆಚ್ಚುತ್ತದೆ. ಆ ದೊಡ್ಡ ಮೀನನ್ನು ತಿಂದವರಿಗೆ ವಾಂತಿ, ಭೇದಿ, ಬಾಯಿ ಮತ್ತು ಕೈಕಾಲು ಜುಮುಗುಡುವುದು, ಕೆಲವರಿಗೆ ತಣ್ಣನೆಯ ನೀರು ಮುಟ್ಟಿದರೆ ಸುಟ್ಟಂತೆ ಅನ್ನಿಸುವುದು ಶುರುವಾಗುತ್ತದೆ. ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಕಾಡಬಹುದು. ಇದರ ಹೆಸರು ಸಿಗ್ವಟೆರಾ.

ಇದರ ಸುತ್ತ ನಂಬಿಕೆಗಳು ಬಹಳ. ವಿಷದ ಮೀನಿನ ಮೇಲೆ ನೊಣ ಕೂರುವುದಿಲ್ಲ, ಇರುವೆ ಮುತ್ತುವುದಿಲ್ಲ, ಬೇಯಿಸುವಾಗ ಬೆಳ್ಳಿ ನಾಣ್ಯ ಹಾಕಿದರೆ ಕಪ್ಪಾಗುತ್ತದೆ ಎನ್ನುತ್ತಾರೆ. ಯಾವುದೂ ನಿಜವಲ್ಲ. ಚೆನ್ನಾಗಿ ಬೇಯಿಸಿದರೆ ಹೋಗುತ್ತದೆ ಎನ್ನುವುದೂ ಸುಳ್ಳು. ಬೇಯಿಸಿದರೂ, ಹುರಿದರೂ, ಫ್ರೀಜರಿನಲ್ಲಿಟ್ಟರೂ, ಉಪ್ಪು ಹಾಕಿ ಒಣಗಿಸಿದರೂ ಈ ವಿಷ ನಾಶವಾಗುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಉಳಿದಿರುವ ದಾರಿ ಎಂದರೆ ದೊಡ್ಡ ಹವಳದ ಮೀನು ಬಿಡುವುದು, ತಲೆ, ಈಲಿ, ಮೊಟ್ಟೆ ಮುಟ್ಟದಿರುವುದು, ಮತ್ತು ಆ ದ್ವೀಪದ ಮೀನುಗಾರರನ್ನು ಕೇಳುವುದು. ಒಂದೇ ದ್ವೀಪದ ಒಂದು ಬದಿಯ ಮೀನು ಸರಿಯಿದ್ದು ಇನ್ನೊಂದು ಬದಿಯದು ವಿಷವಾಗಿರಬಹುದು. ಅದು ಅಲ್ಲಿಯವರಿಗೇ ಗೊತ್ತು.

ಇದು ಎಲ್ಲೋ ದೂರದ ಕಾಯಿಲೆ ಎಂದುಕೊಳ್ಳಬೇಡಿ. ಮಂಗಳೂರಿನಲ್ಲಿ ರೆಡ್ ಸ್ನ್ಯಾಪರ್ ಮೀನು ತಿಂದವರಲ್ಲಿ ಸಿಗ್ವಟೆರಾ ಎಂದು ಶಂಕಿಸಲಾದ ಪ್ರಕರಣವನ್ನು ಅಲ್ಲಿನ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ್ದಾರೆ. ಮೀನು ತಿಂದ ಮೇಲೆ ವಾಂತಿಯ ಜೊತೆ ಜುಮುಗುಟ್ಟುವಿಕೆ ಬಂದರೆ, ವೈದ್ಯರಿಗೆ ಯಾವ ಮೀನು ತಿಂದಿರಿ ಎಂಬುದನ್ನು ತಪ್ಪದೆ ಹೇಳಿ.

ಮೂರು ಕಿಲೋಮೀಟರಿನ ದ್ವೀಪವನ್ನು ಹುಡುಕುವುದು ಹೇಗೆ?

ಅಮಿನಿಯಿಂದ ಮಂಗಳೂರಿಗೆ ಬರುವುದು ಸುಲಭ. ಪೂರ್ವಕ್ಕೆ ಹೋಗುತ್ತಿದ್ದರೆ ಎಲ್ಲಾದರೂ ಒಂದು ಕಡೆ ದಡ ಸಿಕ್ಕೇ ಸಿಗುತ್ತದೆ. ಮರಳಿ ಹೋಗುವುದು ಕಷ್ಟ. ದ್ವೀಪದ ಉದ್ದ ಮೂರು ಕಿಲೋಮೀಟರ್ ಕೂಡ ಇಲ್ಲ, ಎತ್ತರ ತೆಂಗಿನ ಮರದಷ್ಟು. 20 ಮೀಟರ್ ಎತ್ತರದ ಮರದ ತುದಿ, ಭೂಮಿ ಬಾಗಿರುವುದರಿಂದ, ಸಣ್ಣ ದೋಣಿಯಲ್ಲಿ ನಿಂತವರಿಗೆ ಸುಮಾರು 20 ಕಿಲೋಮೀಟರ್ ದೂರದಿಂದಷ್ಟೇ ಕಾಣುತ್ತದೆ. ಟಹೀಟಿಯ ಬೆಟ್ಟ 2241 ಮೀಟರ್, ಆಕಾಶ ಶುಭ್ರವಾಗಿದ್ದರೆ ನೂರು ಕಿಲೋಮೀಟರ್ ಆಚೆಯಿಂದಲೂ ಕಂಡೀತು. ಹವಳದ್ವೀಪ ಹಾಗಲ್ಲ, ರಾತ್ರಿ ಅದರ ಪಕ್ಕದಲ್ಲೇ ಹಾದುಹೋದರೂ ತಿಳಿಯದು. ಅಥವಾ ಬಡಿದ ಮೇಲೆ ತಿಳಿಯುತ್ತದೆ.

ಅಮಿನ್‌ದಿವಿಯ ನಾವಿಕರು ‘ಕಮಾಲ್’ ಎಂಬ ಸಾಧನ ಬಳಸುತ್ತಿದ್ದರು. ಒಂದು ಮರದ ಚೌಕ, ನಡುವೆ ಗಂಟು ಹಾಕಿದ ದಾರ. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಚೌಕದ ಕೆಳ ಅಂಚು ಕ್ಷಿತಿಜಕ್ಕೆ, ಮೇಲಿನ ಅಂಚು ಧ್ರುವನಕ್ಷತ್ರಕ್ಕೆ ತಾಗುವಂತೆ ಹಿಡಿದರೆ ನಕ್ಷತ್ರದ ಎತ್ತರ ತಿಳಿಯುತ್ತದೆ. ಧ್ರುವನಕ್ಷತ್ರದ ಎತ್ತರವೇ ಹೆಚ್ಚುಕಡಿಮೆ ಆ ಜಾಗದ ಅಕ್ಷಾಂಶ. ಅಮಿನಿಗೆ ಸುಮಾರು 11 ಡಿಗ್ರಿ, ಮಂಗಳೂರಿಗೆ 12.9. ಅಂಜನಾಪುರದ ಅಕ್ಷಾಂಶವೂ ಮಂಗಳೂರಿನದೇ! ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿ ಸುಮಾರು ಹತ್ತು ಡಿಗ್ರಿ, ಅದರ ಮೇಲೆ ಎರಡು ಬೆರಳಿಟ್ಟರೆ ಧ್ರುವನಕ್ಷತ್ರ ಸಿಗಬೇಕು. ಆದರೆ ಅಂಜನಾಪುರದಿಂದ ಉತ್ತರ ಎಂದರೆ ಇಡೀ ಬೆಂಗಳೂರಿನ ಬೆಳಕು. ಕನಕಪುರ ದಾಟಿ ಹೋದಾಗ ಪ್ರಯತ್ನಿಸಿ.

ಅಕ್ಷಾಂಶದ ಒಂದು ಡಿಗ್ರಿ ತಪ್ಪೆಂದರೆ 111 ಕಿಲೋಮೀಟರ್ ತಪ್ಪು. ಅಲುಗುವ ದೋಣಿಯಲ್ಲಿ ಕಮಾಲ್ ಹಿಡಿದು 20 ಕಿಲೋಮೀಟರಿನ ನಿಖರತೆ ಸಿಗುವುದು ಕಷ್ಟ. ಆದ್ದರಿಂದ ಸಾಧನದ ಜೊತೆಗೆ ಕಣ್ಣು ಬೇಕಿತ್ತು. ಬೆಳಗ್ಗೆ ದ್ವೀಪದಿಂದ ಹೊರಟು ಸಂಜೆ ಮರಳುವ ಕಡಲಹಕ್ಕಿಗಳ ದಿಕ್ಕು, ಲಗೂನಿನ ಹಸಿರು ಬೆಳಕು ತಾಗಿದ ಮೋಡದ ಅಡಿ, ದ್ವೀಪಕ್ಕೆ ಬಡಿದು ಬಾಗುವ ಅಲೆಗಳ ಸಾಲು. ಇವು ಸೇರಿದರೆ ಮೂರು ಕಿಲೋಮೀಟರಿನ ದ್ವೀಪ ಹತ್ತಾರು ಕಿಲೋಮೀಟರ್ ಅಗಲದ ಗುರಿಯಾಗುತ್ತದೆ.

ಟಹೀಟಿ ಭೂಮಧ್ಯರೇಖೆಯ ದಕ್ಷಿಣಕ್ಕಿದೆ, ಅಲ್ಲಿ ಧ್ರುವನಕ್ಷತ್ರವೇ ಕಾಣದು. ಅಲ್ಲಿಯವರು ಯಾವ ನಕ್ಷತ್ರ ಕ್ಷಿತಿಜದ ಯಾವ ಬಿಂದುವಿನಲ್ಲಿ ಹುಟ್ಟುತ್ತದೆ, ಯಾವುದು ಯಾವ ದ್ವೀಪದ ನೆತ್ತಿಯ ಮೇಲೆ ಹಾಯುತ್ತದೆ ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಟಹೀಟಿಯ ನೆತ್ತಿಯ ಬಳಿ ಲುಬ್ಧಕ ಹಾಯುತ್ತದೆ. ಹವಾಯಿಯ ನೆತ್ತಿಯ ಮೇಲೆ ‘ಹೋಕುಲೆಅ’, ಅಂದರೆ ನಮ್ಮ ಸ್ವಾತಿ ನಕ್ಷತ್ರ. (ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದು ಮುತ್ತಾಗುತ್ತದೆ ಎಂಬುದು ಚಂದದ ಕಲ್ಪನೆ. ಟುಅಮೋಟುವಿನ ಲಗೂನ್‌ಗಳಲ್ಲಿ ಕಪ್ಪು ಮುತ್ತು ಬೆಳೆಸುವವರು ಚಿಪ್ಪಿನೊಳಗೆ ಸಣ್ಣ ಗುಂಡನ್ನು ಇಟ್ಟು ಬೆಳೆಸುತ್ತಾರೆ, ಮಳೆಗೆ ಕಾಯುವುದಿಲ್ಲ.)

ಇಷ್ಟು ವಿದ್ಯೆ ಇದ್ದವರನ್ನು “ದೋಣಿ ದಿಕ್ಕು ತಪ್ಪಿ ತೇಲಿಹೋಗಿ ಆಕಸ್ಮಿಕವಾಗಿ ದ್ವೀಪ ಸೇರಿದವರು” ಎಂದು ಇಪ್ಪತ್ತನೇ ಶತಮಾನದ ನಡುವಿನಲ್ಲಿ ಕೆಲವು ವಿದ್ವಾಂಸರು ಬರೆದರು. ಅದು ಎರಡು ರೀತಿಯಲ್ಲಿ ಬಿದ್ದುಹೋಯಿತು. 1973ರಲ್ಲಿ ಪ್ರಕಟವಾದ ಕಂಪ್ಯೂಟರ್ ಲೆಕ್ಕಾಚಾರ, ಬರೀ ತೇಲಿಕೊಂಡು ಹವಾಯಿ, ನ್ಯೂಜಿಲೆಂಡ್, ಈಸ್ಟರ್ ದ್ವೀಪ ತಲುಪುವುದು ಸಾಧ್ಯವೇ ಇಲ್ಲವೆನ್ನುವಷ್ಟು ಅಪರೂಪ ಎಂದು ತೋರಿಸಿತು. 1976ರಲ್ಲಿ ‘ಹೋಕುಲೆಅ’ ಎಂದೇ ಹೆಸರಿಟ್ಟ ಜೋಡಿ ದೋಣಿಯನ್ನು ಮೈಕ್ರೊನೇಷ್ಯದ ಸತವಾಲ್ ದ್ವೀಪದ ಮಾವು ಪಿಯಾಯ್‌ಲುಗ್ ಎಂಬ ನಾವಿಕ ಯಾವ ಉಪಕರಣವೂ ಇಲ್ಲದೆ ಹವಾಯಿಯಿಂದ ಟಹೀಟಿಗೆ ಸುಮಾರು ಒಂದು ತಿಂಗಳಲ್ಲಿ ತಲುಪಿಸಿದರು. ಹವಾಯಿಯಲ್ಲಿ ಆ ವಿದ್ಯೆ ಬಲ್ಲವರು ಆಗ ಉಳಿದಿರಲಿಲ್ಲ, ಅದಕ್ಕೇ ಹೊರಗಿನಿಂದ ಕರೆಸಬೇಕಾಯಿತು. ಕಮಾಲ್ ಕೂಡ ಎಂಜಿನ್ ಮತ್ತು ಜಿಪಿಎಸ್ ಬಂದ ಮೇಲೆ ಬಳಕೆ ತಪ್ಪಿದೆ.

ಇವತ್ತು ಜಿಪಿಎಸ್ ಇದೆ, ಇನ್ನೇನು ಭಯ?

ಜಿಪಿಎಸ್ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ. ಹವಳ ಎಲ್ಲಿದೆ ಎಂದು ಹೇಳುವುದು ನಕ್ಷೆ. ದೂರದ ದ್ವೀಪಗಳ ಕೆಲವು ನಕ್ಷೆಗಳು ಹಳೆಯ ಅಳತೆಯವು, ದ್ವೀಪವೇ ಪರದೆಯ ಮೇಲೆ ತುಸು ಪಕ್ಕಕ್ಕೆ ಸರಿದಿರಬಹುದು. 1768ರಲ್ಲಿ ಟುಅಮೋಟುವಿನ ನಡುವೆ ಹಾದ ಫ್ರೆಂಚ್ ನಾವಿಕ ಬೂಗನ್‌ವಿಲ್ ಅದಕ್ಕೆ ‘ಅಪಾಯದ ದ್ವೀಪಸಮೂಹ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಲಗೂನಿನೊಳಗೆ ಹೋಗಲು ಹವಳದ ಉಂಗುರದಲ್ಲಿ ಒಂದೋ ಎರಡೋ ಕಿರಿದಾದ ಬಾಗಿಲು ಇರುತ್ತವೆ. ದೊಡ್ಡ ಅಲೆಗಳು ದಿಬ್ಬದ ಮೇಲಿಂದ ನೀರನ್ನು ಒಳಗೆ ಸುರಿಯುತ್ತಲೇ ಇರುತ್ತವೆ, ಆ ನೀರೆಲ್ಲ ಹೊರಬರಲು ಇರುವ ದಾರಿ ಆ ಬಾಗಿಲೊಂದೇ. ಹಾಗಾಗಿ ಅಲ್ಲಿ ಮಳೆಗಾಲದ ಹೊಳೆಯಂಥ ಸೆಳೆತ. ಉಬ್ಬರ ಇಳಿತಗಳ ನಡುವೆ ನೀರು ನಿಲ್ಲುವ ಸ್ವಲ್ಪ ಹೊತ್ತು ಕಾದು ದಾಟಬೇಕು. ಅಲೆ ಜೋರಿದ್ದ ದಿನ ಆ ಹೊತ್ತು ಪಟ್ಟಿಯಲ್ಲಿ ಬರೆದಂತೆ ಬರುವುದಿಲ್ಲ. ಒಳಹೋಗುವುದು ಸೂರ್ಯ ಮೇಲಿರುವಾಗ, ಬೆನ್ನ ಹಿಂದಿರುವಾಗ. ಆಗ ನೀರಿನ ಬಣ್ಣ ಓದಬಹುದು: ಕಡುನೀಲಿ ಆಳ, ತಿಳಿಹಸಿರು ಮರಳು, ಕಂದು ಎಂದರೆ ಹವಳ, ದೂರವಿರಿ. ಸಂಜೆಯ ಹೊತ್ತಿಗೆ ತಲುಪಿದರೆ ದ್ವೀಪ ಕಣ್ಣೆದುರೇ ಇದ್ದರೂ ರಾತ್ರಿಯಿಡೀ ಹೊರಗೇ ಕಾಯಬೇಕು. ದಣಿದವರಿಗೆ ಇದು ಬಹಳ ಕಷ್ಟದ ನಿರ್ಧಾರ, ಎಷ್ಟೋ ದೋಣಿಗಳು ಒಡೆದದ್ದು ಈ ಆತುರದಲ್ಲೇ.

ಟಹೀಟಿಯಲ್ಲಿ ಒಂದು ವಿಶೇಷವಿದೆ. ನಮ್ಮ ಕರಾವಳಿಯಲ್ಲಿ ಉಬ್ಬರದ ಹೊತ್ತು ಚಂದ್ರನ ಜೊತೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಟಹೀಟಿಯಲ್ಲಿ ಮಾತ್ರ ಹೆಚ್ಚುಕಡಿಮೆ ಪ್ರತಿದಿನವೂ ನಡುಹಗಲು ಮತ್ತು ನಡುರಾತ್ರಿಗೇ ಉಬ್ಬರ. ಚಂದ್ರನಿಂದ ಏಳುವ ಉಬ್ಬರದ ಅಲೆ ಒಂದು ಬಿಂದುವಿನ ಸುತ್ತ ಸುತ್ತುತ್ತದೆ, ಆ ಬಿಂದುವಿನ ಬಳಿ ಅದರ ಪ್ರಭಾವ ಬಹಳ ಕಡಿಮೆ. ಟಹೀಟಿ ಅಂಥ ಬಿಂದುವಿನ ಸಮೀಪದಲ್ಲಿದೆ, ಅಲ್ಲಿ ಉಳಿಯುವುದು ಸೂರ್ಯನ ಉಬ್ಬರ.

ಸಹಾಯ ಎಷ್ಟು ದೂರ, ಕಲಿಕೆ ಎಷ್ಟು ಹತ್ತಿರ?

2024ರ ಅಕ್ಟೋಬರಿನಲ್ಲಿ ಅದೇ ತಾರಿಣಿಯಲ್ಲಿ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ರೂಪಾ ಎ. ಇಬ್ಬರೇ ಗೋವಾದಿಂದ ಹೊರಟು, 2025ರ ಮೇಯಲ್ಲಿ ಭೂಮಿ ಸುತ್ತಿ ಮರಳಿದರು. ದಾರಿಯಲ್ಲಿ ಅವರು ‘ಪಾಯಿಂಟ್ ನೀಮೊ’ ದಾಟಿದರು. ಯಾವುದೇ ನೆಲದಿಂದ ಅತಿ ದೂರದ ಸಮುದ್ರದ ಬಿಂದು ಅದು. ಅತಿ ಹತ್ತಿರದ ನೆಲಗಳಲ್ಲಿ ಒಂದು ಪಾಲಿನೇಷ್ಯದ ಪುಟ್ಟ ಡೂಸಿ ದ್ವೀಪ, ಅದೂ ಸುಮಾರು 2688 ಕಿಲೋಮೀಟರ್ ಆಚೆ. ಇಂಥ ಕಡೆ ಸಹಾಯ ಎಂದರೆ ಉಪಗ್ರಹಕ್ಕೆ ಸಂಕೇತ ಕಳಿಸುವ ಸಣ್ಣ ಪೆಟ್ಟಿಗೆ, ಮತ್ತು ಕಾಯುವ ತಾಳ್ಮೆ. 2018ರ ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಒಂಟಿಯಾಗಿ ಸಾಗುತ್ತಿದ್ದ ಕಮಾಂಡರ್ ಅಭಿಲಾಷ್ ಟಾಮಿ ಅವರ ದೋಣಿಯ ಕಂಬ ಬಿರುಗಾಳಿಗೆ ಮುರಿದು, ಬೆನ್ನಿಗೆ ತೀವ್ರ ಪೆಟ್ಟಾಯಿತು. ಅವರನ್ನು ಫ್ರೆಂಚ್ ಮೀನುಗಾರಿಕಾ ಹಡಗೊಂದು ತಲುಪಲು ಮೂರು ದಿನ ಬೇಕಾಯಿತು.

ಕಲಿಯುವುದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಹಾಯಿದೋಣಿ ಅಭ್ಯಾಸ ಮಾಡುತ್ತಾರೆ. 1985ರಿಂದ 1987ರವರೆಗೆ ‘ತೃಷ್ಣಾ’ ಎಂಬ ದೋಣಿಯಲ್ಲಿ ಭೂಮಿ ಸುತ್ತಿದ ಮೊದಲ ಭಾರತೀಯ ತಂಡ ಸೇನೆಯ ಇದೇ ಎಂಜಿನಿಯರ್ ದಳದ್ದು. ಪ್ರಶ್ನೆ ಕಳಿಸಿದ ಅಂಜನಾಪುರದ ಓದುಗರಿಗೆ ನಮ್ಮ ಸಲಹೆ ಇದು: ಮೊದಲು ಈಜು, ಆಮೇಲೆ ಒಂದು ಕೆರೆ ಅಥವಾ ಜಲಾಶಯದಲ್ಲಿ ಒಬ್ಬರೇ ಕೂರುವ ಸಣ್ಣ ದೋಣಿ, ಅದರಲ್ಲಿ ಹತ್ತಾರು ಸಲ ಮಗುಚಿ ಏಳುವುದು, ನಂತರ ಗೋವಾದಲ್ಲೋ ಮುಂಬಯಿಯಲ್ಲೋ ಸಮುದ್ರದ ತರಬೇತಿ. ಹವಳದ್ವೀಪ ಎಂದರೆ ಏನೆಂದು ನೋಡಬೇಕಿದ್ದರೆ ಲಕ್ಷದ್ವೀಪಕ್ಕೆ ಹೋಗಿ ಬನ್ನಿ. ಅದಕ್ಕೆ ಮುಂಚಿತವಾಗಿ ಪ್ರವೇಶ ಪರವಾನಗಿ ಪಡೆಯಬೇಕು, ಮಳೆಗಾಲ ಬಿಟ್ಟು ಬೇರೆ ತಿಂಗಳು ಆರಿಸಿಕೊಳ್ಳಿ.